ಅತ್ತಿಗೆ ಓದಿದ ಎಡಗೈ ಗ್ಲೌಸು

ಬಾಕ್ಸಿಂಗ್ ಹಾಲಿನ ಮೆಟ್ಟಿಲ ಕೆಳಗೆ ಒಂದು ಕೋಣೆಯಿದೆ. ಅದನ್ನು ಕೋಣೆ ಅಂದರೆ ಅದಕ್ಕೇ ನಾಚಿಕೆಯಾದೀತು. ಎತ್ತರದವರು ತಲೆ ತಗ್ಗಿಸದೆ ಒಳಗೆ ಹೋಗುವಂತಿಲ್ಲ, ಹೋದಮೇಲೂ ನೆಟ್ಟಗೆ ನಿಲ್ಲುವಂತಿಲ್ಲ. ಮೇಲೆ ಯಾರಾದರೂ ಹಗ್ಗ ಜಿಗಿದರೆ ಇಲ್ಲಿ ಸುಣ್ಣದ ಪುಡಿ ಉದುರುತ್ತದೆ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಒಬ್ಬ ಹೆಂಗಸು ಕೂತು ಹರಿದ ಗ್ಲೌಸು ಹೊಲಿಯುತ್ತಾರೆ, ಒಡೆದ ಪಂಚಿಂಗ್ ಬ್ಯಾಗಿಗೆ ತೇಪೆ ಹಾಕುತ್ತಾರೆ. ಅವರ ಹೆಸರು ಹಾಲಿನಲ್ಲಿ ಯಾರಿಗೂ ಬೇಕಾಗಿಲ್ಲ. ಎಲ್ಲರಿಗೂ ಅವರು ಅತ್ತಿಗೆ. ಕೋಚಿಗೂ ಅತ್ತಿಗೆ, ಗುಡಿಸುವವನಿಗೂ ಅತ್ತಿಗೆ, ಅವರಿಗಿಂತ ಹತ್ತು ವರ್ಷ ದೊಡ್ಡವನಾದ ಕಾವಲುಗಾರನಿಗೂ ಅತ್ತಿಗೆ. ಹಾಗೆ ಕರೆಯುವ ನಿಜವಾದ ಹಕ್ಕು ಇರುವುದು ಒಬ್ಬನಿಗೆ ಮಾತ್ರ, ಅವರ ಗಂಡನ ತಮ್ಮನಿಗೆ. ಅವನು ಹೆವಿವೇಟ್ ಬಾಕ್ಸರ್. ಊರೆಲ್ಲ ಅವನನ್ನು ಬಂಡೆ ಎನ್ನುತ್ತದೆ.

ಬಂಡೆ ಎಂದು ಹೆಸರಿಟ್ಟವನು ನಾನೇ. ಹತ್ತೊಂಬತ್ತು ವರ್ಷ ಪತ್ರಿಕೆಯ ಕ್ರೀಡಾ ಪುಟದಲ್ಲಿ ದುಡಿದವನು ನಾನು. ಹೆಸರಿಡುವುದು, ಅಂಕಿ ಜೋಡಿಸುವುದು, ಸೋತವನಿಗೆ ಬುದ್ಧಿ ಹೇಳುವುದು ನನ್ನ ಕಸುಬು. ಇಪ್ಪತ್ತನಾಲ್ಕು ವರ್ಷದ ಹೊಸ ಚಾಂಪಿಯನ್ ಬಂದಾಗ ಅವನಿಗೆ ಸುತ್ತಿಗೆ ಎಂದು ಹೆಸರಿಟ್ಟೆ. ಇಬ್ಬರ ನಡುವೆ ಪಂದ್ಯ ನಿಗದಿಯಾದ ದಿನ 'ಬಂಡೆ ಮತ್ತು ಸುತ್ತಿಗೆ' ಎಂಬ ತಲೆಬರಹ ಕೊಟ್ಟು, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅದರ ಕೆಳಗೆ ಒಂದು ಪಟ್ಟಿ ಹಾಕಿದ್ದೆ. ಎತ್ತರ, ತೂಕ, ಕೈಚಾಚು, ಆಡಿದ ಪಂದ್ಯ, ಗೆದ್ದದ್ದು, ನಾಕೌಟ್ ಮಾಡಿದ್ದು. ಬಂಡೆಗೆ ಮೂವತ್ತೆಂಟು ವರ್ಷ, ನಲವತ್ತಾರು ಪಂದ್ಯ, ಮೂವತ್ತೇಳು ಗೆಲುವು, ಒಮ್ಮೆಯೂ ನೆಲ ಕಂಡವನಲ್ಲ. ಸುತ್ತಿಗೆಗೆ ಹದಿನಾಲ್ಕು ಪಂದ್ಯ, ಹದಿನಾಲ್ಕೂ ಗೆಲುವು, ಅದರಲ್ಲಿ ಹನ್ನೆರಡು ನಾಕೌಟ್. ಅನುಭವದ ಸಾಲಿನಲ್ಲಿ ಬಂಡೆಯ ಮುಂದೆ, ವೇಗದ ಸಾಲಿನಲ್ಲಿ ಸುತ್ತಿಗೆಯ ಮುಂದೆ ಗುರುತು ಹಾಕಿ ಕೈತೊಳೆದುಕೊಂಡಿದ್ದೆ. ಸಂಪಾದಕರು ಪಟ್ಟಿ ನೋಡಿ, "ಇದು ಎಲ್ಲರಿಗೂ ಗೊತ್ತಿರೋದೇ ಅಲ್ವಾ? ಹೊಸದೇನಾದ್ರೂ ತಗೊಂಡು ಬನ್ನಿ" ಎಂದರು. ಹೊಟ್ಟೆ ಉರಿಯಿತು. ಆದರೆ ಅವರು ಹೇಳಿದ್ದು ಸರಿಯಿತ್ತು, ಅದಕ್ಕೇ ಇನ್ನಷ್ಟು ಉರಿಯಿತು.

ಇಬ್ಬರ ಹಳೆಯ ಗ್ಲೌಸುಗಳನ್ನು ಅಕ್ಕಪಕ್ಕ ಇಟ್ಟು ಒಂದು ಫೋಟೋ ತೆಗೆದರೆ ಪುಟ ತುಂಬುತ್ತದೆ ಎಂದುಕೊಂಡು ಪಂದ್ಯಕ್ಕೆ ಒಂಬತ್ತು ದಿನ ಇರುವಾಗ ಮೆಟ್ಟಿಲ ಕೆಳಗಿನ ಕೋಣೆಗೆ ಹೋದೆ. ಚಾಂಪಿಯನ್ನನ ಅಭ್ಯಾಸವೂ ಅದೇ ಹಾಲಿನಲ್ಲಿ, ಬೆಳಿಗ್ಗೆ. ಬಂಡೆಯದು ಸಂಜೆ. ಇಬ್ಬರ ಗ್ಲೌಸೂ ಹರಿದರೆ ಬರುವುದು ಅತ್ತಿಗೆಯ ಹತ್ತಿರವೇ.

ಅತ್ತಿಗೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಎದುರಿಗೆ ಮೋಟು ಕಾಲಿನ ಮೇಜು. ಅದರ ಮೇಲೆ ಎರಡು ಮರದ ಕೈಗಳು, ಗ್ಲೌಸು ತೊಡಿಸಿ ಹೊಲಿಯಲಿಕ್ಕೆ. ಪಕ್ಕದಲ್ಲಿ ದಬ್ಬಳ, ಕತ್ತರಿ, ಅಂಟಿನ ಡಬ್ಬಿ, ಮೇಣ ಸವರಿದ ದಾರದ ಉಂಡೆ. ನನ್ನನ್ನು ಕನ್ನಡಕದ ಮೇಲಿಂದ ನೋಡಿದರು.

"ಬಂಡೆ, ಸುತ್ತಿಗೆ ಅಂತ ಬರೆದೋರು ನೀವೇನಾ?"

"ಹೌದು."

"ಸುತ್ತಿಗೆ, ಅತ್ತಿಗೆ. ಪ್ರಾಸ ಚೆನ್ನಾಗಿದೆ. ನನ್ನನ್ನೂ ಸೇರಿಸಿಬಿಡಬೇಕಿತ್ತು."

ಫೋಟೋದ ವಿಷಯ ಹೇಳಿದೆ. ತಾನು ಇದುವರೆಗೆ ಒಂದೇ ಒಂದು ಪಂದ್ಯ ನೋಡಿಲ್ಲ, ತನ್ನನ್ನು ಏನೂ ಕೇಳಬಾರದು ಎಂದರು. ಮೈದುನನದ್ದೂ ನೋಡಿಲ್ಲವೇ ಎಂದು ಕೇಳಿದೆ. "ಚಪ್ಪಲಿ ಹೊಲಿಯೋಕೆ ಅದು ಹೋಗಿಬಂದ ಊರಿಗೆಲ್ಲ ನಾವೂ ಹೋಗ್ಬೇಕಾ?" ಎಂದರು. ಇದೊಳ್ಳೆ ಕಥೆಯಾಯಿತಲ್ಲ, ಪಂದ್ಯವನ್ನೇ ನೋಡದವರ ಹತ್ತಿರ ಬಾಕ್ಸಿಂಗ್ ಬಗ್ಗೆ ಏನು ಕೇಳುವುದು ಎಂದು ನಾನು ಮನಸ್ಸಿನಲ್ಲೇ ಗೊಣಗಿದೆ. ಆ ಗೊಣಗಾಟ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮೂಲೆಯಲ್ಲಿ ರಿಪೇರಿಗೆ ಬಂದ ಗ್ಲೌಸುಗಳ ರಾಶಿ ಬಿದ್ದಿತ್ತು. ಸುಮ್ಮನೆ ಒಂದನ್ನು ಎತ್ತಿ, "ಇದು ಯಾರದು?" ಎಂದೆ.

"ಯಾರದೋ. ಆದ್ರೆ ಸಿಡುಕ" ಎಂದರು, ಹೊಲಿಗೆಯಿಂದ ಕಣ್ಣೆತ್ತದೆ. "ಹೆಬ್ಬೆರಳಿನ ಹತ್ರ ಹೊಲಿಗೆ ಕಿತ್ತಿದೆ ನೋಡಿ. ಸಿಟ್ಟು ಬಂದಾಗ ಕೈ ನೆಟ್ಟಗೆ ಹೋಗಲ್ಲ, ಅಡ್ಡಾದಿಡ್ಡಿ ಬೀಸ್ತಾನೆ. ಹೀಗೇ ಬೀಸ್ತಾ ಇದ್ರೆ ಬೆರಳು ಮುರ್ಕೋತಾನೆ."

ಇನ್ನೊಂದನ್ನು ಎತ್ತಿದೆ. ಮಣಿಕಟ್ಟಿನ ಲೇಸು ತುದಿ ತುದಿಯಲ್ಲಿ ನಾರುನಾರಾಗಿತ್ತು.

"ಅದು ಒಬ್ಬ ಹುಡುಗೀದು. ಲೇಸನ್ನ ಹಲ್ಲಲ್ಲಿ ಕಚ್ಚಿ ಬಿಚ್ಕೋತಾಳೆ. ಅಂದ್ರೆ ಜೊತೆಗೆ ಬಿಚ್ಚಿಕೊಡೋರು ಯಾರೂ ಇಲ್ಲ, ಒಬ್ಬಳೇ ಬಂದು ಒಬ್ಬಳೇ ಅಭ್ಯಾಸ ಮಾಡಿ ಹೋಗ್ತಾಳೆ. ಕೋಚ್‌ಗೆ ಹೇಳಿದೀನಿ, ಪಾಪ ಅವಳ ಕಡೆ ಸ್ವಲ್ಪ ನೋಡಿ ಅಂತ."

ನಾನು ಕೂರಲಿಕ್ಕೆ ಒಂದು ಡಬ್ಬ ಎಳೆದುಕೊಂಡೆ. ಹತ್ತೊಂಬತ್ತು ವರ್ಷ ರಿಂಗಿನ ಪಕ್ಕದಲ್ಲೇ ಕೂತು ನೋಡಿದವನು ನಾನು. ಈ ಹೆಂಗಸು ಮೆಟ್ಟಿಲ ಕೆಳಗೆ ಕೂತು ನನಗಿಂತ ಹೆಚ್ಚು ನೋಡಿದ್ದರು.

ಚಾಂಪಿಯನ್ನನ ಗ್ಲೌಸು ತೋರಿಸಿ ಎಂದು ಗೋಗರೆದೆ. ಒಬ್ಬ ಬಾಕ್ಸರನ ಗ್ಲೌಸಿನ ಗುಟ್ಟು ಇನ್ನೊಬ್ಬ ಬಾಕ್ಸರನಿಗೆ ತಲುಪಬಾರದು, ಇದು ತಾನು ಈ ಮೇಜಿಗೆ ಬಂದ ಮೊದಲ ದಿನದಿಂದ ಪಾಲಿಸಿದ್ದು ಎಂದರು. ಪಂದ್ಯ ಮುಗಿಯುವವರೆಗೆ ಒಂದಕ್ಷರ ಬರೆಯುವುದಿಲ್ಲ ಎಂದು ಮಾತು ಕೊಟ್ಟಮೇಲೆ, ಒಂದು ಬಲಗೈ ಗ್ಲೌಸನ್ನು ನನ್ನ ತೊಡೆಯ ಮೇಲಿಟ್ಟರು. ಗೆಣ್ಣುಗಳ ಮೇಲೆ, ನಾಣ್ಯದಷ್ಟು ಅಗಲ ಮಾತ್ರ ಚರ್ಮ ಸವೆದು ಹೊಳೆಯುತ್ತಿತ್ತು. ಅದರ ಸುತ್ತ ಗ್ಲೌಸು ಹೊಸದಾಗಿಯೇ ಇತ್ತು.

"ಎಂಟು ತಿಂಗಳ ಗ್ಲೌಸು" ಎಂದರು ಅತ್ತಿಗೆ. ಅವರ ದನಿ ತಗ್ಗಿತ್ತು. "ದಿನಕ್ಕೆ ಐನೂರು ಹೊಡೆತ ಅಂದ್ರೂ ಎಷ್ಟಾಯ್ತು, ನೀವೇ ಲೆಕ್ಕ ಹಾಕ್ಕೊಳ್ಳಿ. ಒಂದಾದ್ರೂ ಆಚೆ ಈಚೆ ಬಿದ್ದಿದ್ಯಾ? ಇಪ್ಪತ್ತೆರಡು ವರ್ಷದಲ್ಲಿ ಇಂಥ ಬಲಗೈ ಈ ಮೇಜಿನ ಮೇಲೆ ಬಂದಿಲ್ಲ. ಹೊಲಿಯೋಕೆ ಏನೂ ಇರಲ್ಲ, ಆದ್ರೂ ಕೈಲಿ ಹಿಡ್ಕೊಂಡು ಕೂತಿರ್ತೀನಿ."

ನಾನು ಆ ಸವೆದ ಜಾಗದ ಮೇಲೆ ಬೆರಳಿಟ್ಟೆ. ನನ್ನ ಪಟ್ಟಿಯ ಯಾವ ಸಾಲಿನಲ್ಲೂ ಇದು ಇರಲಿಲ್ಲ.

ಆಮೇಲೆ ಬಂಡೆಯ ಗ್ಲೌಸುಗಳು ಬಂದವು. ಎಡಗೈಯದ್ದು ಮೇಲೆಲ್ಲ ಕಿತ್ತುಹೋಗಿತ್ತು. ನಾನು ತಜ್ಞನ ಹಾಗೆ ತಲೆಯಾಡಿಸಿ, "ಅಬ್ಬಾ, ಎಷ್ಟು ಹೊಡೆದಿದ್ದಾನೆ" ಎಂದೆ.

ಅತ್ತಿಗೆ ನಕ್ಕುಬಿಟ್ಟರು. "ಕೈಹಿಂಬದಿಯಿಂದ ಯಾರಾದ್ರೂ ಹೊಡೀತಾರಾ, ಪೇಪರ್‌ನೋರೇ? ಇದು ಹೊಡೆದ ಗುರುತಲ್ಲ, ತಡೆದ ಗುರುತು."

ಅವರು ಹಿಂದಿನ ಟ್ರಂಕು ತೆರೆದು ಅವನ ಹಳೆಯ ಗ್ಲೌಸುಗಳನ್ನು ತೆಗೆದರು. ಸವೆದು ಎಸೆಯಬೇಕಾದವನ್ನೂ ಎಸೆಯದೆ ಇಟ್ಟಿದ್ದರು. ಒಳಗಿನ ಬಟ್ಟೆಯ ಮೇಲೆ ಬಾಲ್‌ಪೆನ್ನಿನಲ್ಲಿ ಇಸವಿ. ಇಪ್ಪತ್ತನೇ ವಯಸ್ಸಿನದ್ದರಲ್ಲಿ ಇಡೀ ಮೇಲ್ಮೈ ಸವೆದಿತ್ತು, ಸಿಕ್ಕಲ್ಲೆಲ್ಲ ಗುದ್ದಿದ ಕೈ. ಇಪ್ಪತ್ತಾರರಲ್ಲಿ ಸವೆತ ಗೆಣ್ಣುಗಳಿಗೆ ಇಳಿದಿತ್ತು. ಮೂವತ್ತರಲ್ಲಿ ಎಡಗೈಯ ಮುಂಭಾಗ ಬಲಗೈಗಿಂತ ಎರಡರಷ್ಟು ಸವೆದಿತ್ತು. "ಆವಾಗಲೇ ಅವನು ಬಾಕ್ಸರ್ ಆಗಿದ್ದು" ಎಂದರು. "ಬಲಗೈಲಿ ಹೊಡೆಯೋದು ಎಲ್ರಿಗೂ ಬರತ್ತೆ. ಎಡಗೈನ ಸುಮ್ನೆ ಮುಂದೆ ಚಾಚಿ ಚಾಚಿ ಎದುರಿನವನನ್ನ ಹತ್ರ ಬಿಡದೆ ಇರೋದಿದ್ಯಲ್ಲ, ಅದಕ್ಕೆ ಹತ್ತು ವರ್ಷ ಬೇಕು." ನಾನು ಅವನ ಮೇಲೆ ನೂರು ಲೇಖನ ಬರೆದಿದ್ದೇನೆ. ಅವನ ಬಾಳನ್ನೇ ಹೀಗೆ ನೆಲದ ಮೇಲೆ ಸಾಲಾಗಿ ಜೋಡಿಸಿದ್ದನ್ನು ಅವತ್ತೇ ನೋಡಿದ್ದು.

"ಈಗಿನ ಈ ಎಡಗೈಗೆ ಆರು ತಿಂಗಳಲ್ಲಿ ಮೂರು ತೇಪೆ" ಎಂದು ಅತ್ತಿಗೆ ದನಿ ಏರಿಸಿದರು. "ಚರ್ಮದ ಅಂಗಡಿಯವನು ಕಳಪೆ ಮಾಲು ಕೊಟ್ಟಿದಾನೆ. ಹೋಗಿ ಚೆನ್ನಾಗಿ ಜಾಡಿಸಿ ಬಂದೆ. ಆ ಮನುಷ್ಯ ಪ್ರಮಾಣ ಮಾಡಿದ, ಒಳ್ಳೇ ಚರ್ಮ ಅಮ್ಮಾ ಅಂತ. ನಾನು ನಂಬಲಿಲ್ಲ."

ನಾನು ಫೋಟೋಕ್ಕೆಂದು ಎರಡೂ ಜೊತೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಚಾಂಪಿಯನ್ನನ ಎಡಗೈ ಗ್ಲೌಸಿನ ಅಂಚಿನಲ್ಲೂ ಒಂದು ತೇಪೆಯಿತ್ತು. ಕ್ಯಾಮೆರಾ ತೆಗೆಯುವಷ್ಟರಲ್ಲಿ ಅತ್ತಿಗೆ, "ಒಂದ್ನಿಮಿಷ" ಎಂದು ನನ್ನ ಕೈ ಸರಿಸಿದರು.

ಎರಡು ತೇಪೆಗಳನ್ನೂ ಉಜ್ಜಿ ನೋಡಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಎರಡೂ ಒಂದೇ ಹಾಳೆಯಿಂದ ಕತ್ತರಿಸಿದ್ದು" ಎಂದರು ನಿಧಾನವಾಗಿ. "ಒಂದೇ ದಿನ ಹಾಕಿದ್ದು. ಇದು ಗಟ್ಟಿಯಾಗಿದೆ. ಇದು ಸಿಪ್ಪೆ ಎದ್ದಿದೆ. ಹಾಗಾದ್ರೆ ಚರ್ಮದ ತಪ್ಪಲ್ಲ."

ಅತ್ತಿಗೆ ಬಂಡೆಯ ಎಡಗೈ ಗ್ಲೌಸನ್ನು ಮರದ ಕೈಗೆ ತೊಡಿಸಿ ಸುತ್ತ ತಿರುಗಿಸಿದರು. ಮುಂಭಾಗದ ಗೆಣ್ಣುಗಳ ಮೇಲೆ ಒಂದು ಗೀರೂ ಇರಲಿಲ್ಲ. ಅಂದರೆ ಚಾಚಿ ಹೊಡೆಯುತ್ತಿದ್ದ ಆ ಎಡಗೈ ಈಗ ಚಾಚುತ್ತಿಲ್ಲ. ಹಿಂಬದಿಯೆಲ್ಲ ಏಟು ತಿಂದಿತ್ತು. ಅಂಗೈ ಕಡೆ ವ್ಯಾಸಲೀನಿನ ಕಪ್ಪು ಜಿಡ್ಡು, ಗಡ್ಡದ ಕೂದಲು ತಿಕ್ಕಿದ ಗೀರುಗಳು. ಮುಖಕ್ಕೆ ಅಂಟಿಸಿಕೊಂಡೇ ಇಟ್ಟ ಕೈ ಅದು. ಬಲಗೈ ಗ್ಲೌಸಿನಲ್ಲಿ ಅಂಥದ್ದೇನೂ ಇರಲಿಲ್ಲ.

"ವಯಸ್ಸಾಯ್ತಲ್ಲ, ಹುಷಾರಾಗಿ ಆಡ್ತಿರಬಹುದು" ಎಂದೆ.

"ಹುಷಾರಾದ್ರೆ ಎರಡೂ ಕಡೆ ಹುಷಾರಾಗ್ತಾರೆ" ಎಂದರು. ಆಮೇಲೆ ನನಗೆ ಹೇಳಿದರೋ ತಮಗೆ ತಾವೇ ಹೇಳಿಕೊಂಡರೋ ತಿಳಿಯದ ಹಾಗೆ, "ಮನೇಲಿ ಊಟಕ್ಕೆ ಕೂರೋ ಜಾಗ ಬದಲಾಯಿಸಿದಾನೆ. ಮೊದಲು ಬಾಗಿಲ ಹತ್ರ ಕೂರ್ತಿದ್ದ. ಈಗ ಎಡಗಡೆ ಗೋಡೆ ಬರೋ ಹಾಗೆ ಮೂಲೆಗೆ ಕೂರ್ತಾನೆ. ಗಾಳಿ ಜಾಸ್ತಿ ಅಂದ. ನಾನೂ ಹೌದೇನೋ ಅಂದ್ಕೊಂಡೆ" ಎಂದರು.

ಆ ಮಾತು ಮುಗಿಯುವ ಹೊತ್ತಿಗೆ ಬಂಡೆಯೇ ಬಾಗಿಲಲ್ಲಿ ಬಗ್ಗಿದ. ಸಂಜೆಯ ಅಭ್ಯಾಸಕ್ಕೆ ಗ್ಲೌಸು ಒಯ್ಯಲು ಬಂದಿದ್ದ. ಅವನು ಒಳಗೆ ಬಂದರೆ ಆ ಕೋಣೆಯಲ್ಲಿ ಗಾಳಿಗೂ ಜಾಗವಿರುವುದಿಲ್ಲ. ನನ್ನನ್ನು ನೋಡಿ ನಕ್ಕ. "ಏನ್ ಸಾರ್, ಅತ್ತಿಗೆ ಹತ್ರ ನನ್ನ ಮೇಲೆ ಚಾಡಿ ಹೇಳ್ತಿದೀರಾ?"

ಹನ್ನೊಂದು ವರ್ಷದವನಿದ್ದಾಗ ಅತ್ತಿಗೆಯ ಕೈಗೆ ಬಂದವನು ಅವನು. ಅಣ್ಣ ಚಪ್ಪಲಿ, ಚೀಲ ಹೊಲಿಯುತ್ತಿದ್ದ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಅದೇ ಮೇಜಿಗೆ ಕೂತು ಇವನನ್ನು ಬೆಳೆಸಿದರು. ದಾರದ ಉಂಡೆಯನ್ನು ಅವನತ್ತ ಹೇಳದೆ ಕೇಳದೆ ಎಸೆಯುವುದು ಅವರಿಬ್ಬರ ಹಳೆಯ ಆಟ. ಅವನು ನೋಡದೆಯೇ ಹಿಡಿಯಬೇಕು. ಅವನ ಕೈಚಳಕಕ್ಕೆ ಮೊದಲ ಗುರು ಆ ಉಂಡೆ ಎಂದು ಅವನೇ ನನಗೆ ಎಷ್ಟೋ ಸಲ ಹೇಳಿದ್ದ.

ಅತ್ತಿಗೆ ಉಂಡೆ ಎತ್ತಿಕೊಂಡು ಅವನ ಬಲಕ್ಕೆ ಎಸೆದರು. ಅವನು ನನ್ನ ಜೊತೆ ಮಾತಾಡುತ್ತಲೇ ಅದನ್ನು ಹಿಡಿದು ಅವರ ಮಡಿಲಿಗೆ ಹಾಕಿದ. ಎರಡನೇ ಸಲ ಎಡಕ್ಕೆ ಎಸೆದರು.

ಉಂಡೆ ಅವನ ಕೆನ್ನೆಗೆ ಬಡಿದು ಕೆಳಗೆ ಬಿತ್ತು. ದಾರ ಬಿಚ್ಚುತ್ತಾ ಉರುಳಿ ನನ್ನ ಕಾಲ ಹತ್ತಿರ ನಿಂತಿತು. ಮೂವರಲ್ಲಿ ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ.

"ಎಷ್ಟು ದಿನದಿಂದ?" ಎಂದರು ಅತ್ತಿಗೆ.

ಅವನು ಸುಳ್ಳು ಹೇಳಬಹುದಿತ್ತು. "ಏಳೆಂಟು ತಿಂಗಳಾಯ್ತು" ಎಂದ. "ಮೊದಲು ಮಂಜು ಮಂಜಾಗಿತ್ತು. ಈಗ ಬೆಳಕು ಮಾತ್ರ ಗೊತ್ತಾಗತ್ತೆ."

"ಡಾಕ್ಟರ ಪರೀಕ್ಷೆ ಹೇಗೆ ಪಾಸಾದೆ?"

"ಗೋಡೆ ಮೇಲೆ ಅದೇ ಹಳೇ ಬೋರ್ಡು ಇರತ್ತೆ ಅತ್ತಿಗೆ. ಮೊದಲು ಬಲಗಣ್ಣಲ್ಲಿ ಓದ್ತೀನಿ. ಎಡಗಣ್ಣಿಗೆ ಬಂದಾಗ ಬಾಯಿಪಾಠ ಒಪ್ಪಿಸ್ತೀನಿ." ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ನೆಲ ನೋಡಿದ. "ಇದೊಂದೇ ಪಂದ್ಯ. ಇದು ಮುಗಿಸಿ ಬಿಟ್ಟುಬಿಡ್ತೀನಿ. ಚಾಂಪಿಯನ್ ಪಟ್ಟಕ್ಕೆ ಹದಿನೆಂಟು ವರ್ಷ ಕಾದಿದೀನಿ."

ಅತ್ತಿಗೆ ಬೈಯುತ್ತಾರೆ, ಅಳುತ್ತಾರೆ ಎಂದುಕೊಂಡೆ. ಅವರು ಎರಡನ್ನೂ ಮಾಡಲಿಲ್ಲ. ಚಾಂಪಿಯನ್ನನ ಬಲಗೈ ಗ್ಲೌಸು ಎತ್ತಿ ಅವನ ಕೈಯಲ್ಲಿಟ್ಟರು. ಇಪ್ಪತ್ತೆರಡು ವರ್ಷ ಕಾಪಾಡಿಕೊಂಡು ಬಂದ ನೇಮವನ್ನು ನನ್ನ ಕಣ್ಣೆದುರಿಗೇ ಮುರಿದರು.

"ಓದು" ಎಂದರು.

ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಹೆಬ್ಬೆರಳಿನಿಂದ ಆ ನಾಣ್ಯದಗಲದ ಹೊಳಪನ್ನು ಹುಡುಕಿ, ಅದರ ಸುತ್ತ ಒಮ್ಮೆ, ಇನ್ನೊಮ್ಮೆ ಸವರಿದ. ಬಂಡೆಯ ಮುಖದಲ್ಲಿ ಹೆದರಿಕೆಯನ್ನು ಹುಡುಕಿದೆ. ಅಲ್ಲಿದ್ದದ್ದು ಹೆದರಿಕೆಯಲ್ಲ. ದೊಡ್ಡ ಗಾಯಕನ ಹಾಡು ಕೇಳುವ ಇನ್ನೊಬ್ಬ ಗಾಯಕನ ಮುಖ ಹಾಗಾಗುತ್ತದೆ.

"ಒಂದೇ ಜಾಗ" ಎಂದ ಮೆಲ್ಲಗೆ. "ಒಂದೂ ತಪ್ಪಿಲ್ಲ."

"ಇದು ನಿನ್ನ ಯಾವ ಕಡೆಗೆ ಬರತ್ತೆ?"

ಎದುರಿಗೆ ನಿಂತವನ ಬಲಗೈ ಬರುವುದು ನಮ್ಮ ಎಡಕ್ಕೆ. ಅದು ನನಗೂ ಗೊತ್ತಿತ್ತು. ಅವನು ಗ್ಲೌಸನ್ನು ಮೇಜಿನ ಮೇಲೆ ಇಟ್ಟ.

"ಕಾಣೋ ಏಟು ತಿಂದ್ರೆ ನೋವಾಗತ್ತೆ, ಅಷ್ಟೇ. ಕಾಣದೆ ಇರೋ ಏಟಿಗೆ ಕುತ್ತಿಗೆ ಗಟ್ಟಿ ಮಾಡ್ಕೊಳ್ಳೋಕೂ ಆಗಲ್ಲ ಅಂತ ನೀನೇ ಹೇಳಿಕೊಟ್ಟಿದ್ದು ನಂಗೆ. ನಿನ್ನನ್ನ ನಾನು ಹೊರಗಿಂದ ಹೊಲಿಯಬಲ್ಲೆ ಕಣೋ. ತಲೆ ಒಳಗೆ ಹರಿದ್ರೆ ನನ್ನ ಹತ್ರ ದಾರ ಇಲ್ಲ."

ಅವನಿಗೆ ಸಿಟ್ಟು ಬಂತು. ತನ್ನ ಗ್ಲೌಸುಗಳನ್ನು ಕಿತ್ತುಕೊಂಡ ಹಾಗೆ ತೆಗೆದುಕೊಂಡ. "ಯಾರಿಗೆ ಹೇಳ್ತೀರೋ ಹೇಳಿ" ಎಂದ.

"ನಾನು ಯಾರಿಗೂ ಹೇಳಲ್ಲ. ಇವರೂ ಬರೆಯಲ್ಲ. ನಿನ್ನ ಕಣ್ಣು, ನೀನೇ ಹೇಳ್ಬೇಕು."

ಇವರೂ ಬರೆಯಲ್ಲ ಎಂದು ಅತ್ತಿಗೆ ನನ್ನನ್ನು ಕೇಳಿ ಹೇಳಲಿಲ್ಲ. ಮುಂದಿನ ಎಂಟು ದಿನ ನಾನು ಪಟ್ಟ ಪಾಡು ನನಗೇ ಗೊತ್ತು. ನನ್ನ ವೃತ್ತಿಯ ಅತಿ ದೊಡ್ಡ ಸುದ್ದಿ ಜೇಬಿನಲ್ಲಿತ್ತು. ಬರೆದರೆ ಪಂದ್ಯ ನಿಲ್ಲುತ್ತದೆ, ಅವನು ಉಳಿಯುತ್ತಾನೆ, ನನಗೂ ಹೆಸರು ಬರುತ್ತದೆ. ಆದರೆ ಹದಿನೆಂಟು ವರ್ಷ ರಿಂಗಿನಲ್ಲಿ ನಿಂತವನನ್ನು ಕಳ್ಳನ ಹಾಗೆ ಹಿಡಿದುಕೊಟ್ಟಂತಾಗುತ್ತದೆ. ಬರೆಯದೆ ಇದ್ದು ಅವನು ಸತ್ತರೆ? ಎರಡು ಸಲ ಬರೆದೆ, ಎರಡು ಸಲ ಹರಿದೆ. ಒಂದು ಸಂಜೆ ತಡೆಯಲಾರದೆ ಅತ್ತಿಗೆಯ ಬಳಿ ಹೋಗಿ, "ಅವನು ಹೇಳದಿದ್ರೆ ಏನ್ ಮಾಡೋದು?" ಎಂದೆ.

ದಬ್ಬಳ ನಿಂತಿತು. "ಪರೀಕ್ಷೆ ದಿನ ನಾನು ಬಾಗಿಲಲ್ಲೇ ಇರ್ತೀನಿ" ಎಂದರು. "ಅವನು ಪಾಸಾಗಿ ಹೊರಗೆ ಬಂದ್ರೆ, ಗ್ಲೌಸು ತಗೊಂಡು ನಾನು ಒಳಗೆ ಹೋಗ್ತೀನಿ. ಆಮೇಲೆ ಅವನು ಜೀವಮಾನದಲ್ಲಿ ನನ್ನ ಜೊತೆ ಮಾತಾಡಲ್ಲ. ಇರಲಿ. ಮಾತಾಡದೆ ಇರೋಕಾದ್ರೂ ಅವನು ಇರ್ಬೇಕಲ್ಲ."

ಪಂದ್ಯದ ಹಿಂದಿನ ದಿನ ಬೆಳಿಗ್ಗೆ ತೂಕ, ಆಮೇಲೆ ಡಾಕ್ಟರ ಪರೀಕ್ಷೆ. ಉದ್ದದ ಓಣಿಯ ಕೊನೆಯಲ್ಲಿ ಒಂದು ರೂಮು. ಬಾಗಿಲಿಗೆ ಬಿಳಿ ಪರದೆ. ಚಾಂಪಿಯನ್ ಮೊದಲು ಹೋಗಿಬಂದ. ಹೋಗುವಾಗ ಅತ್ತಿಗೆಯನ್ನು ಕಂಡು, "ಎಡಗೈ ತೇಪೆ ಚೆನ್ನಾಗಿ ಕೂತಿದೆ ಅತ್ತಿಗೆ" ಎಂದು ಹೇಳಿಹೋದ. ಅವರು ತಲೆಯಾಡಿಸಿದರು. ಅವರ ಮಡಿಲಲ್ಲಿ ಒಂದು ಬಟ್ಟೆಚೀಲವಿತ್ತು. ಅದರಲ್ಲಿ ಬಂಡೆಯ ಎಡಗೈ ಗ್ಲೌಸಿತ್ತು. ಹಿಂದಿನ ಸಂಜೆ ಅವನು ಹಾಲಿನಲ್ಲಿ ಬಿಟ್ಟುಹೋದದ್ದನ್ನು ಎತ್ತಿಟ್ಟುಕೊಂಡಿದ್ದರು.

ಬಂಡೆ ಒಳಗೆ ಹೋದ. ನಾನು ಪರದೆಯ ಈಚೆ ನಿಂತೆ, ಅತ್ತಿಗೆ ಪಕ್ಕದ ಬೆಂಚಿನ ಮೇಲೆ ಕೂತಿದ್ದರು.

ಡಾಕ್ಟರು ಎಡಗಣ್ಣು ಮುಚ್ಚಿಕೊಳ್ಳಿ ಎಂದರು. ಅವನು ಬಲಗಣ್ಣಿನಿಂದ ಬೋರ್ಡಿನ ಕೊನೆಯ ಸಾಲಿನವರೆಗೆ ದನಿ ಎತ್ತಿ ಓದಿದ. ಅದು ಎಷ್ಟು ಸ್ಪಷ್ಟವಾಗಿತ್ತೆಂದರೆ, ಹೊರಗೆ ನಿಂತ ನನಗೇ ಕೊನೆಯ ಸಾಲು ಬಾಯಿಪಾಠವಾಯಿತು. ಈಗ ಬಲಗಣ್ಣು ಮುಚ್ಚಿಕೊಳ್ಳಿ ಎಂದರು ಡಾಕ್ಟರು.

ಸದ್ದಿಲ್ಲ. ನನಗೆ ಬರುವುದು ಅವನಿಗೆ ಬರುವುದಿಲ್ಲವೇ? ಒಪ್ಪಿಸಿಬಿಟ್ಟರೆ ನಾಳೆ ಸಾವಿರಾರು ಜನರ ನಡುವೆ ರಿಂಗಿನಲ್ಲಿ ನಿಲ್ಲುತ್ತಾನೆ. ಅತ್ತಿಗೆ ಚೀಲದ ಹಿಡಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಎದ್ದು ನಿಂತರು.

"ಓದಿ" ಎಂದರು ಡಾಕ್ಟರು.

"ಓದೋಕೆ ಬರತ್ತೆ ಡಾಕ್ಟ್ರೇ" ಎಂಬ ಅವನ ದನಿ ಕೇಳಿತು. "ಹೋದ ಸಲಾನೂ ಓದಿದ್ದೆ. ಆದ್ರೆ ಈ ಕಣ್ಣು ಕಾಣಲ್ಲ."

ನಲವತ್ತಾರು ಪಂದ್ಯದಲ್ಲಿ ಅವನ ಎಂಥೆಂಥ ಹೊಡೆತ ನೋಡಿದ್ದೇನೆ. ಇದರಷ್ಟು ದೊಡ್ಡದನ್ನು ನೋಡಿರಲಿಲ್ಲ. ನಾನು ಗೋಡೆಗೆ ಒರಗಿದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಅತ್ತಿಗೆ ಕೂತುಬಿಟ್ಟರು. ಚೀಲವನ್ನು ಎದೆಗೆ ಒತ್ತಿಕೊಂಡರು.

ಅವನು ಹೊರಗೆ ಬಂದಾಗ ಚೀಲ ನೋಡಿದ. ಅದರಲ್ಲೇನಿದೆ, ಯಾಕಿದೆ ಎಂದು ಅವನಿಗೆ ತಿಳಿಯಿತು.

"ಒಳಗೆ ಬರ್ತಿದ್ರಾ?" ಎಂದ.

"ಬರ್ತಿದ್ದೆ."

"ಗೊತ್ತಿತ್ತು" ಎಂದ. ಓಣಿಯಲ್ಲಿ ನಡೆಯತೊಡಗಿದ. ಈ ಎಂಟು ತಿಂಗಳ ಅಭ್ಯಾಸದಂತೆ, ಎಡಭುಜ ಗೋಡೆಗೆ ತಾಗುವ ಹಾಗೆ ಅಂಚಿನಲ್ಲೇ ನಡೆದ. ಅತ್ತಿಗೆ ಚೀಲವನ್ನು ನನ್ನ ಕೈಗೆ ಕೊಟ್ಟು, ನಾಲ್ಕು ಹೆಜ್ಜೆ ಬೇಗ ಇಟ್ಟು, ಅವನಿಗೂ ಗೋಡೆಗೂ ನಡುವೆ ತೂರಿಕೊಂಡರು.

"ಸ್ವಲ್ಪ ಈಚೆ ಸರಿ" ಎಂದರು. "ಈ ಕಡೆ ನಾನಿದೀನಿ."

ಅವನು ಸರಿದ. ಆ ಹೆಬ್ಬಂಡೆಯ ಎಡಕ್ಕೆ ಅವನ ಭುಜದಷ್ಟು ಎತ್ತರವೂ ಇಲ್ಲದ ಆ ಹೆಂಗಸು. ಇಬ್ಬರೂ ಓಣಿಯ ನಡುಮಧ್ಯದಲ್ಲಿ ನಡೆದರು. ನಾನು ಚೀಲ ಹಿಡಿದುಕೊಂಡು ಅವರ ಹಿಂದೆ ಹೋದೆ.